ಉಳಿದ ಉರಿ

ಒಬ್ಬರೇ ಇದ್ದರೆ ಖರ್ಚು ಕಡಿಮೆ ಎಂದು ಹೇಳುವವರು ಯಾರೂ ಒಬ್ಬರೇ ಸಂಸಾರ ನಡೆಸಿದವರಲ್ಲ. ಇಬ್ಬರಿಗೆ ಉರಿಯುತ್ತಿದ್ದ ಬಲ್ಬು ಒಬ್ಬರಿಗೆ ಅರ್ಧ ಉರಿಯುವುದಿಲ್ಲ. ಮನೆಯಲ್ಲಿ ಒಂದು ಜೀವ ಕಡಿಮೆಯಾಯಿತೆಂದು ಬಾಡಿಗೆ ಇಳಿಯುವುದಿಲ್ಲ. ಸಾಸಿವೆ ಸಿಡಿಯಬೇಕಾದರೆ ಒಬ್ಬರ ಸಾರಿಗೂ ಅಷ್ಟೇ ಎಣ್ಣೆ ಬೇಕು. ಇದನ್ನೆಲ್ಲ ನಾನು ಕಲಿತದ್ದು ತೊಂಬತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿ, ಅಮ್ಮ ತೀರಿಕೊಂಡ ಮೇಲೆ.

ಮನೆಯೆಂದರೆ ಮಾಲೀಕರ ದೊಡ್ಡ ಮನೆಯ ಹಿಂಭಾಗ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡಿನ ಮಾಡು ಇಳಿಸಿದ ಪುಟ್ಟ ಹಿತ್ತಲು. ಮುಂದಿನ ಭಾಗದಲ್ಲಿದ್ದ ಮಾಲೀಕರು ಬಟ್ಟೆ ವ್ಯಾಪಾರದವರು. ತಿಂಗಳ ಮೊದಲ ವಾರ ಬಾಡಿಗೆ ಕೈಸೇರಿದರೆ ಮುಂದಿನ ತಿಂಗಳವರೆಗೆ ನಾವಿದ್ದೇವೆಂಬುದನ್ನೇ ಮರೆಯುವಷ್ಟು ಒಳ್ಳೆಯವರು. ನಾನು ಹರಿಹರದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಕತ್ತಲಾಗುವ ಹೊತ್ತಿಗೆ ಮರಳುತ್ತಿದ್ದೆ. ಮದುವೆಯ ಮಾತು ಎರಡು ಸಲ ಮನೆಬಾಗಿಲವರೆಗೆ ಬಂದು ಹಾಗೇ ಹೋಗಿತ್ತು. ಆಮೇಲೆ ಅಮ್ಮನ ಕಾಯಿಲೆ, ಆಸ್ಪತ್ರೆ. ಆ ಆಸ್ಪತ್ರೆಗೆ ಹತ್ತಿರವಾಗಲೆಂದೇ ಈ ಮನೆ ಹಿಡಿದದ್ದು.

ಅಣ್ಣ ಇದ್ದದ್ದು ಹರಿಹರದಲ್ಲಿ. ಅವನಿಗೊಂದು ಕಬ್ಬಿಣದ ಸಾಮಾನಿನ ಅಂಗಡಿ, ಇಬ್ಬರು ಮಕ್ಕಳು, ಕೈತುಂಬ ತಾಪತ್ರಯ. ಅಮ್ಮ ಇರುವ ತನಕ ಬಾಡಿಗೆಯ ಅರ್ಧ ಅವನೇ ಕೊಡುತ್ತಿದ್ದ. ಅಮ್ಮನ ಕಾರ್ಯವೆಲ್ಲ ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು ಮಾತು ತೆಗೆದ.

"ಒಬ್ಬಾಕಿಗೆ ಅಷ್ಟು ದೊಡ್ಡ ಮನೆ ಯಾಕ ಬೇಕವ್ವಾ? ನಂಗೂ ಎರಡು ಕಡೆ ನಡೆಸಕಾಗಲ್ಲ. ಸುಮ್ನೆ ನಮ್ಮನೆಗೆ ಬಂದುಬಿಡು. ನಿನ್ನ ಕೆಲಸ ಇರೋದೂ ಇಲ್ಲೇ ಐತೆ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಅಮ್ಮ ಹೋದ ಮೇಲೆ ಕೆಲವು ದಿನ ಅವನ ಮನೆಯಲ್ಲೇ ಇದ್ದೆ. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಆದರೆ ನನ್ನ ಸೀರೆಗಳನ್ನು ಇಡಲು ಒಂದು ಗೂಡು ಸಿಗಲಿಲ್ಲ, ಪೆಟ್ಟಿಗೆಯಲ್ಲೇ ಇದ್ದವು. ಫ್ಯಾನು ಹಾಕಲೋ ಬೇಡವೋ ಎಂದು ಅತ್ತಿಗೆಯ ಮುಖ ನೋಡಬೇಕಿತ್ತು. ಮಕ್ಕಳ ಪಾಠ, ಅಕ್ಕಿ ಆರಿಸುವುದು, ಬಂದವರಿಗೆ ಚಹಾ ಮಾಡುವುದು ಎಲ್ಲ ತಾವಾಗಿಯೇ ನನ್ನ ಪಾಲಿಗೆ ಬಂದವು. ಇನ್ನು ಮೂವತ್ತು ವರ್ಷ ಹೀಗೇ ಪೆಟ್ಟಿಗೆಯಿಂದ ಸೀರೆ ತೆಗೆದು ಉಡುತ್ತಿರುವುದು ಕಣ್ಣಮುಂದೆ ಕಾಣಿಸಿತು.

"ಬಾಡಿಗೆ ಪೂರಾ ನಾನೇ ಕೊಡ್ತೀನಿ. ನಿನ್ನ ಹತ್ರ ಒಂದು ಪೈಸೆ ಕೇಳಿದ್ರೆ ಕೇಳು," ಎಂದೆ.

ಅಣ್ಣ ನಕ್ಕ. "ಆಗ್ಲಿ. ಶಾಲೆ ಪರೀಕ್ಷೆ ಮುಗಿಯೋತನ ನೋಡು. ಆಗಲಿಲ್ಲ ಅಂದ್ರೆ ಸುಮ್ನೆ ಹಟ ಮಾಡ್ಬ್ಯಾಡ. ಮನೆ ಖಾಲಿ ಮಾಡಿ ಬಾ."

ಹೀಗೆ ನನ್ನ ಮಿತವ್ಯಯ ಶುರುವಾಯಿತು. ಬೇರೆಯವರು ಬಂಗಾರಕ್ಕೆ ಉಳಿಸುತ್ತಾರೆ, ಸೈಟಿಗೆ ಉಳಿಸುತ್ತಾರೆ. ನಾನು ಎರಡು ಕೋಣೆಗೆ, ಒಂದು ಬೀಗದ ಕೈಗೆ ಉಳಿಸತೊಡಗಿದೆ.

ಉಳಿಸುವುದಕ್ಕೂ ಒಂದು ವಿದ್ಯೆ ಬೇಕು. ಬಸ್ಸು ಬಿಟ್ಟು ಪ್ಯಾಸೆಂಜರ್ ರೈಲಿನ ತಿಂಗಳ ಪಾಸು ಮಾಡಿಸಿದೆ. ಅಕ್ಕಿಯ ಬದಲು ರೈಸ್‌ಮಿಲ್ಲಿನಿಂದ ನುಚ್ಚು ತಂದೆ. ಒಂದೇ ಅಕ್ಕಿ, ಮುರಿದಿದೆ ಅಷ್ಟೇ, ಹೊಟ್ಟೆಗೆ ಹೋದ ಮೇಲೆ ಯಾರು ಕೇಳುತ್ತಾರೆ. ತರಕಾರಿಗೆ ಹೋಗುವುದಾದರೆ ವ್ಯಾಪಾರ ಕಟ್ಟುವ ಹೊತ್ತಿಗೇ ಹೋಗಬೇಕು. ಆಗ ತೂಕವಿಲ್ಲ, ಗುಡ್ಡೆ ಲೆಕ್ಕ. ಬದನೆಕಾಯಿ ಗುಡ್ಡೆಯಲ್ಲಿ ನಾಲ್ಕು ಹುಳುಕಿದ್ದರೂ ಉಳಿದದ್ದು ಲಾಭವೇ. ಸೋಪಿನ ಚೂರುಗಳನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ ಬಟ್ಟೆ ಉಜ್ಜುವುದು, ಎಣ್ಣೆ ಡಬ್ಬಿಯನ್ನು ಖಾಲಿಯಾದ ಮೇಲೂ ಬೋರಲು ಹಾಕಿ ಬಿಸಿಲಿಗಿಡುವುದು, ಪೇಪರ್ ನಿಲ್ಲಿಸಿ ಶಾಲೆಯ ಆಫೀಸಿನಲ್ಲಿ ನಿಂತೇ ಓದುವುದು, ರಾತ್ರಿಯೂಟಕ್ಕೆ ವಾರದಲ್ಲಿ ಮೂರು ದಿನ ಮಂಡಕ್ಕಿ. ಮಂಡಕ್ಕಿಗೆ ನಮ್ಮೂರಲ್ಲಿ ಬರವಿಲ್ಲ. ಈರುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿ ಹಾಕಿ ಕಲಸಿದರೆ ಊಟವೂ ಆಯಿತು, ಒಲೆಯೂ ಬೇಡ. ಮೊದಮೊದಲು ಇದೆಲ್ಲ ಆಟದ ಹಾಗಿತ್ತು. ಅಣ್ಣನನ್ನು ಸೋಲಿಸುತ್ತಿದ್ದೇನೆ ಎಂಬ ಹುರುಪು ಬೇರೆ.

ಹಾಲು ನಿಲ್ಲಿಸಿದ್ದು ಮಾತ್ರ ಆಟವಾಗಲಿಲ್ಲ.

ಹಾಲು ಬಿಟ್ಟರೆ ದೊಡ್ಡ ಉಳಿತಾಯವೇ. ನನಗೇನೂ ಚಹಾದ ಚಟವಿರಲಿಲ್ಲ. ಆದರೆ ಚಹಾ ಇರುವುದು ಕುಡಿಯುವುದಕ್ಕಲ್ಲ, ಕೊಡುವುದಕ್ಕೆ ಎಂಬುದು ಹಾಲು ಬಿಟ್ಟ ಮೇಲೆ ಗೊತ್ತಾಯಿತು. ನಮ್ಮ ಕಡೆ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದೆಂದರೆ ಬೈದು ಕಳಿಸಿದ ಹಾಗೆ. ಹಾಲಿಲ್ಲದ ಚಹಾ ಕೊಡುವುದು ಇನ್ನೂ ಕೆಟ್ಟದ್ದು. ಅಮ್ಮನನ್ನು ನೆನೆದು ಮಾತಾಡಿಸಲು ಬರುವ ಹೆಂಗಸರು ಆಗ ಇನ್ನೂ ಇದ್ದರು. ಮೊದಲು ಬಂದವರಿಗೆ "ಹಾಲು ಒಡೆದುಬಿಡ್ತು" ಎಂದೆ. ಎರಡನೆಯವರಿಗೂ ಅದನ್ನೇ ಹೇಳಿದೆ. ಹಾಲು ಎಷ್ಟು ಸಲ ಒಡೆದೀತು?

ಆಮೇಲೆ ಒಂದು ಉಪಾಯ ಕಂಡುಕೊಂಡೆ. ಗೇಟಿನ ಚಿಲಕ ಸದ್ದಾದ ಕೂಡಲೆ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ, ಬೀಗ ಕೈಯಲ್ಲಿ ಹಿಡಿದು ಬಾಗಿಲು ತೆರೆಯುವುದು. "ಅಯ್ಯೋ, ಈಗಷ್ಟೇ ಹೊರಟಿದ್ದೆ ನೋಡ್ರಿ" ಎನ್ನುವುದು. ಬಂದವರ ಜೊತೆಗೇ ಮಾತಾಡುತ್ತ ರಸ್ತೆ ತಿರುವಿನವರೆಗೆ ನಡೆದು, ಅವರು ಮರೆಯಾದ ಮೇಲೆ ಒಂದು ಸುತ್ತು ಹಾಕಿ ಮನೆಗೆ ಬರುವುದು. ಕೆಲವು ಸಲ ಅವರೂ ನನ್ನ ದಿಕ್ಕಿಗೇ ಹೊರಟು, ಇಲ್ಲದ ಕೆಲಸಕ್ಕೆ ಪೇಟೆಯವರೆಗೂ ನಡೆದದ್ದುಂಟು. ಈಗ ನೆನೆದರೆ ನಗು ಬರುತ್ತದೆ. ಆಗ ಬಾಗಿಲು ಹಾಕಿಕೊಂಡು ಚಪ್ಪಲಿ ಕಳಚುವಾಗ ಅಳು ಬರುತ್ತಿತ್ತು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಗೇಟಿನ ಚಿಲಕ ಸದ್ದು ಮಾಡುವುದನ್ನೇ ನಿಲ್ಲಿಸಿತು. ಆ ಕೂಗಳತೆಯ ಮನೆಗಳಲ್ಲಿ ನಾನು ಯಾವಾಗಲೂ ಹೊರಗೆ ಹೋಗುತ್ತಿರುವ ಹೆಂಗಸಾಗಿದ್ದೆ.

ಇನ್ನು ಒಲೆಯ ಕಥೆ. ಮನೆಯಲ್ಲಿದ್ದ ಗ್ಯಾಸು ಅಣ್ಣನ ಹೆಸರಿನದು. ತನ್ನ ಎರಡನೇ ಸಿಲಿಂಡರನ್ನು ಅಮ್ಮನಿಗೆಂದು ಕೊಟ್ಟಿದ್ದ. ಒಂದು ಪೈಸೆ ಕೇಳುವುದಿಲ್ಲ ಎಂದಮೇಲೆ ಅವನ ಗ್ಯಾಸಿನ ಮೇಲೆ ಅನ್ನ ಮಾಡುವುದು ಹೇಗೆ? ಆಟೋದಲ್ಲಿ ಹಾಕಿ ಕಳಿಸಿಬಿಟ್ಟೆ. ಅದರ ಬದಲು ಹಿತ್ತಲಿಗೆ ಹೊಟ್ಟಿನ ಒಲೆ ಬಂತು.

ಹೊಟ್ಟಿನ ಒಲೆ ನೋಡದವರಿಗೆ ಒಂದಿಷ್ಟು ಹೇಳಬೇಕು. ತಳದಲ್ಲಿ ಬದಿಗೊಂದು ತೂತಿರುವ ತಗಡಿನ ಡಬ್ಬ. ಆ ತೂತಿನಿಂದ ಒಳಕ್ಕೊಂದು ದುಂಡು ಕೋಲು ತೂರಿಸಿ, ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ ತುಳಿಯಬೇಕು. ಆಮೇಲೆ ಕೋಲನ್ನೂ ಬಾಟಲಿಯನ್ನೂ ಮೆಲ್ಲಗೆ ತಿರುವಿ ಎಳೆದರೆ ಹೊಟ್ಟಿನೊಳಗೆ ಹೊಗೆಗೊಂದು ದಾರಿ ಉಳಿಯುತ್ತದೆ. ಕೆಳಗಿನ ತೂತಿನಲ್ಲಿ ಮರದ ಚಕ್ಕೆ ಇಟ್ಟು ಕಡ್ಡಿ ಗೀರಿ ಹೊತ್ತಿಸಿದರೆ ಮುಗಿಯಿತು. ಸಾಮಿಲ್ಲಿನಲ್ಲಿ ಹೊಟ್ಟು ಮಣ್ಣಿನ ಬೆಲೆಗೆ ಸಿಗುತ್ತಿತ್ತು. ತಿಂಗಳಿಗೊಮ್ಮೆ ಕೈಗಾಡಿಯವನು ಚೀಲಗಳನ್ನು ತಂದು ಹಿತ್ತಲಿಗೆ ಹಾಕಿಹೋಗುತ್ತಿದ್ದ. ಇಷ್ಟು ಅಗ್ಗದ ಉರಿ ಊರಲ್ಲೇ ಇರಲಿಲ್ಲ.

ಆದರೆ ಆ ಒಲೆಗೆ ಆರಿಸುವ ಗುಂಡಿಯಿಲ್ಲ. ಹೊತ್ತಿಸಿದರೆ ಹೊಟ್ಟು ಮುಗಿಯುವ ತನಕ, ಎರಡು ಮೂರು ತಾಸು, ತನ್ನ ಪಾಡಿಗೆ ಉರಿಯುತ್ತದೆ. ಅರ್ಧ ತುಂಬಿದರೆ ಉರಿ ಪಾತ್ರೆಯ ತಳಕ್ಕೆ ಮುಟ್ಟುವುದಿಲ್ಲ. ನೀರು ಚಿಮುಕಿಸಿದರೆ ಹೊಟ್ಟೆಲ್ಲ ಹಾಳು. ಅದು ಹತ್ತು ಜನರಿರುವ ಮನೆಗೆ ಮಾಡಿದ ಒಲೆ. ನನ್ನ ಒಂದು ಹಿಡಿ ನುಚ್ಚು, ಒಂದು ಬಟ್ಟಲು ಸಾರು ಆಗುವುದಕ್ಕೆ ಎಷ್ಟು ಹೊತ್ತು? ಉಂಡು ತಟ್ಟೆ ತೊಳೆದು ಬಂದರೂ ಅದು ಕೆಂಪಗೆ ಉರಿಯುತ್ತಲೇ ಇರುತ್ತಿತ್ತು. ಅದನ್ನು ದಂಡ ಮಾಡಬಾರದೆಂದು ನೀರು ಕಾಯಿಸಿದೆ, ಶೇಂಗಾ ಹುರಿದೆ, ಸೋಡಾ ಹಾಕಿ ಹಾಸಿಗೆ ಬಟ್ಟೆ ಕುದಿಸಿದೆ. ಕುದಿಸಲು ಒಬ್ಬಳ ಮನೆಯಲ್ಲಿ ಎಷ್ಟು ಬಟ್ಟೆ ಇದ್ದೀತು? ಕೊನೆಗೆ ಸುಮ್ಮನೆ ಮಣೆ ಹಾಕಿಕೊಂಡು ಮುಂದೆ ಕೂರುತ್ತಿದ್ದೆ. ಅಮ್ಮ ಇದ್ದಿದ್ದರೆ ಈ ಉರಿಗೆ ಕಾಲು ಚಾಚಿ ಮೊಣಕಾಲು ಕಾಯಿಸಿಕೊಳ್ಳುತ್ತಿದ್ದಳು. ನಾನು ಇಷ್ಟು ಒಬ್ಬಂಟಿಯಾಗಿದ್ದೇನೆಂದು ನನಗೆ ತಿಳಿಸಿಕೊಟ್ಟದ್ದು ಖಾಲಿ ಮಂಚವಲ್ಲ, ಆ ಉಳಿದ ಉರಿ.

ಅಂಥ ಒಂದು ಸಂಜೆ ಹಿಂದಿನ ಮನೆಯ ಹೆಂಗಸು ಬಂದಳು. ನಮ್ಮ ಎರಡು ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆ, ಅದರಲ್ಲಿ ಒಂದು ಕಡೆ ಇಟ್ಟಿಗೆ ಬಿದ್ದು ಸಂದು. ಅಲ್ಲಿಗೆ ಬಾಡಿಗೆಗೆ ಬಂದು ಅವರಿಗೆ ಹೆಚ್ಚು ದಿನವಾಗಿರಲಿಲ್ಲ. ನನಗಿಂತ ಚಿಕ್ಕವಳು. ಬಟ್ಟೆ ಒಣಹಾಕುವಾಗ ಮುಖ ನೋಡಿ ನಕ್ಕದ್ದು, ಒಂದು ಸಲ ಬಾಗಿಲಲ್ಲಿ ಅವಳಿಗೂ ಈಗಷ್ಟೇ ಹೊರಟಿದ್ದೆ ಎಂದದ್ದು ಬಿಟ್ಟರೆ ಮಾತಿರಲಿಲ್ಲ. ಆ ದಿನ ಸಂದಿನಿಂದ ಒಂದು ಪಾತ್ರೆ ಮೊದಲು ಬಂತು, ಹಿಂದೆ ಅವಳು.

"ಅಕ್ಕೋರೆ, ನಿಮ್ಮ ಒಲೆ ಇನ್ನೂ ಉರೀತೈತೆ ಅಲ್ರಿ? ನಮ್ಮನೇಲಿ ಸೀಮೆಎಣ್ಣೆ ಮುಗಿದುಬಿಟ್ಟೈತೆ. ಈ ಹುರುಳಿ ಒಂದೀಟು ಇಡ್ಲಾ?"

ಶಾಲೆಯಲ್ಲಿ ಕೆಲಸ ಎಂದು ಗೊತ್ತಾಗಿ ಅಕ್ಕೋರೆ ಎನ್ನುತ್ತಿದ್ದಳು. ನಾನು ಟೀಚರಲ್ಲ, ಗುಮಾಸ್ತೆ ಎಂದು ತಿದ್ದಿದರೂ ಬಿಡಲಿಲ್ಲ. ನಾನು ಗತ್ತಿನಿಂದ "ಇಡ್ರಿ, ಅದಕ್ಕೇನಂತೆ" ಎಂದೆ. ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಒಬ್ಬರಿಗೆ ಕೊಡುವಂಥದ್ದು ಏನೋ ಇತ್ತು. ಹುರುಳಿ ಬೇಯುವ ತನಕ ಅವಳು ಹೊಟ್ಟಿನ ಚೀಲಕ್ಕೆ ಒರಗಿ ಕೂತಳು. ಹೋಗುವಾಗ ಹುರುಳಿ ಬೆಂದ ನೀರಿನ ಕಟ್ಟನ್ನು ಅರ್ಧ ನನ್ನ ಪಾತ್ರೆಗೆ ಬಗ್ಗಿಸಿದಳು.

"ಬ್ಯಾಡ, ಬ್ಯಾಡ," ಎಂದೆ.

"ಸುಮ್ನಿರ್ರಿ. ಉರಿ ನಿಮ್ದು, ಕಾಳು ನಂದು. ಸಮ ಆತು," ಎಂದಳು. ಸಮ ಎಂದದ್ದರಿಂದ ತೆಗೆದುಕೊಂಡೆ.

ಮರುದಿನವೂ ಬಂದಳು. ಅದರ ಮರುದಿನವೂ ಬಂದಳು. ಅವಳ ಗಂಡನಿಗೆ ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ. ಬಹಳ ದಿನ ಎರಡನೇ ಪಾಳಿ, ಮಧ್ಯಾಹ್ನ ಹೋದರೆ ಮಲಗುವ ಹೊತ್ತಿಗೇ ಬರುವುದು. ತವರು ಕಡರನಾಯಕನಹಳ್ಳಿ. ಅಲ್ಲಿಂದ ಚೀಲಗಟ್ಟಲೆ ಕಾಳು ಬರುತ್ತಿತ್ತು. ಹುರುಳಿ, ಅಲಸಂದೆ, ಕಡಲೆ. ಅವಳು ಪಾತ್ರೆ ಇಟ್ಟು ಕೂತರೆ ಊರ ಮಾತೆಲ್ಲ ಹಿತ್ತಲಿಗೆ ಬರುತ್ತಿತ್ತು. ಹೊಟ್ಟಿನ ಬೂದಿಯನ್ನು ಜರಡಿ ಹಿಡಿದು ಪಾತ್ರೆ ತಿಕ್ಕಿದರೆ ಪೌಡರಿನ ಖರ್ಚಿಲ್ಲ ಎಂದು ಹೇಳಿಕೊಟ್ಟಳು. ಬೇಯುವ ಪಾತ್ರೆಯ ಮುಚ್ಚಳದ ಮೇಲೆ ನೀರಿಟ್ಟರೆ ಅದೂ ಕಾಯುತ್ತದೆ, ಕೆಳಗಿನದ್ದೂ ಬೇಗ ಬೇಯುತ್ತದೆ ಎಂದಳು. ನಾನು ನನ್ನ ಗುಡ್ಡೆ ಬದನೆಕಾಯಿಯ ಸಾಹಸಗಳನ್ನು ಹೇಳಿದೆ. ಅಣ್ಣನ ಗಡುವಿನ ವಿಷಯವನ್ನೂ ಹೇಳಿದೆ. ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ.

"ಗೆಲ್ತೀರಿ ಬಿಡ್ರಿ," ಎಂದು ಒಲೆಯ ಕಡೆ ನೋಡುತ್ತ ಹೇಳಿದಳು.

ಒಂದು ವಿಷಯ ಮಾತ್ರ ನನ್ನ ಉಳಿತಾಯದ ಕಣ್ಣಿಗೆ ಸರಿಬರುತ್ತಿರಲಿಲ್ಲ. ಅವಳು ತರುತ್ತಿದ್ದುದು ಯಾವಾಗಲೂ ತಾಸುಗಟ್ಟಲೆ ಬೇಯುವ ಕಾಳು. ತೊಗರಿಬೇಳೆ, ಹೆಸರುಬೇಳೆ ತಂದದ್ದೇ ಇಲ್ಲ. "ಬೇಳೆ ಆದ್ರೆ ಬೇಗ ಆಗ್ತೈತಲ್ಲ?" ಎಂದರೆ "ನಮ್ಮನೆಯವ್ರಿಗೆ ಹುರುಳೀನೇ ಬೇಕ್ರಿ, ಏನ್ಮಾಡ್ಲಿ" ಎನ್ನುತ್ತಿದ್ದಳು. ಮೊದಲ ದಿನ ಅವಳು ತಂದ ಪಾತ್ರೆಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿ ತಿಕ್ಕುತ್ತಾಳೆ ಎಂದುಕೊಂಡೆ. ಸೀಮೆಎಣ್ಣೆ ಒಲೆಯ ಮೇಲಿಡುವ ಪಾತ್ರೆ ಅಷ್ಟು ಬೆಳ್ಳಗಿರುವುದುಂಟೇ ಎಂದು ಯೋಚಿಸಲಿಲ್ಲ. ಆ ಚಳಿಗಾಲ ನಾನು ರೈಲಿಳಿದು ಮನೆಗೆ ಓಡುತ್ತಿದ್ದೆ. ಒಲೆ ತುಂಬುವಾಗ ಹೊಟ್ಟನ್ನು ಇನ್ನಷ್ಟು ಗಟ್ಟಿಯಾಗಿ ತುಳಿಯುತ್ತಿದ್ದೆ, ಇನ್ನೊಂದು ಹತ್ತು ನಿಮಿಷ ಹೆಚ್ಚು ಉರಿಯಲೆಂದು. ಅವಳಿಗೆ ಒಂದು ದಿನವೂ ಚಹಾ ಕೊಡಲಿಲ್ಲ. ಕೊಡಬೇಕೆಂದು ಅನ್ನಿಸಲೂ ಇಲ್ಲ. ಅವಳು ಬಂದದ್ದು ಉರಿಗೆ, ನೆಂಟಸ್ತಿಕೆಗಲ್ಲ. ನಾನು ಚಪ್ಪಲಿ ಮೆಟ್ಟದೆ ಬರಮಾಡಿಕೊಂಡ ಒಂದೇ ಒಂದು ಜೀವ ಅವಳು.

ಪರೀಕ್ಷೆಗಳು ಮುಗಿಯುತ್ತ ಬಂದವು. ಪ್ರತಿ ತಿಂಗಳೂ ಬಾಡಿಗೆ ಪೂರ್ತಿ ಕೊಟ್ಟಿದ್ದೆ. ಅಣ್ಣ ಹೇಳಿಕಳಿಸಿದ: ಈ ಭಾನುವಾರ ಇಬ್ಬರೂ ಊಟಕ್ಕೆ ಬರುತ್ತೇವೆ, ಕೂತು ಮಾತಾಡೋಣ. ಅದು ಊಟವಲ್ಲ, ತಪಾಸಣೆ ಎಂದು ನನಗೆ ಗೊತ್ತಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು, ಮೇಲೆ ಗೋಧಿ ಪಾಯಸ ಎಂದು ತೀರ್ಮಾನಿಸಿದೆ. ಅಂದಿನ ಮಟ್ಟಿಗೆ ಅಕ್ಕಿ ಇಡಿಯದು. ಹಾಲನ್ನೂ ತಂದೆ. ಪಾಯಸಕ್ಕೆ ದಪ್ಪ ತಳದ ಪಾತ್ರೆ ಇರಲಿಲ್ಲ. ಬೆಳಿಗ್ಗೆ ಬೇಗನೆ ಗೋಡೆಯ ಸಂದಿನಿಂದ ದಾಟಿ ಮೊದಲ ಸಲ ಅವಳ ಮನೆಗೆ ಹೋದೆ. ಅಲ್ಲಿಯತನಕ ಹೋಗಿರಲಿಲ್ಲ. ನಾನು ಅವರ ಮನೆಯ ಚಹಾ ಕುಡಿದರೆ ಅವರನ್ನೂ ಕರೆಯಬೇಕಾಗುತ್ತದಲ್ಲ.

ಬಾಗಿಲಲ್ಲಿ ಗಂಡ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಗಡಿಬಿಡಿಯಲ್ಲಿ ಬಾಯಿ ಮುಕ್ಕಳಿಸಿ, "ಓಹೋ, ಬರ್ರಿ ಅಕ್ಕೋರೆ, ಒಳಗೇ ಬರ್ರಿ, ಅಡುಗೆಮನೇಲಿ ಅದಾಳೆ" ಎಂದ. ಒಳಗೆ ಹೋದೆ. ಕಟ್ಟೆಯ ಮೇಲೆ ಎರಡು ಬರ್ನರಿನ ಗ್ಯಾಸ್ ಒಲೆ. ಒಂದರ ಮೇಲೆ ಹಾಲು, ಇನ್ನೊಂದರ ಮೇಲೆ ಉಪ್ಪಿಟ್ಟಿಗೆ ನೀರು. ಕೆಳಗೆ ಒಂದು ಸಿಲಿಂಡರು, ಮೂಲೆಯಲ್ಲಿ ಇನ್ನೊಂದು. ಪಕ್ಕದಲ್ಲಿ ಕುಕ್ಕರ್. ಅವಳು ತಿರುಗಿ ನೋಡಿ ಸೆರಗು ಹಿಡಿದು ನಿಂತಳು.

ನಾನು ಸುಮ್ಮನೆ, "ಗ್ಯಾಸ್ ಬಂತಾ? ಯಾವಾಗ?" ಎಂದೆ.

ಉತ್ತರ ಕೊಟ್ಟದ್ದು ಹಿಂದಿನಿಂದ ಬಂದ ಗಂಡ. ಪಾಪ, ತಮಾಷೆಯ ಮನುಷ್ಯ. "ಮದುವಿ ಆದಾಗ್ನಿಂದ ಐತ್ರಿ. ಇವ್ರ ಅಪ್ಪ ಕೊಡಿಸಿದ್ದು. ಉಪಯೋಗ ಏನು? ಕುಕ್ಕರ್‌ನಾಗೆ ನಾಕು ಸೀಟಿಗೆ ಬೇಯೋ ಹುರುಳೀನ ಹಿಡ್ಕೊಂಡು ಸಂಜೆ ಆತಂದ್ರೆ ನಿಮ್ಮ ಹಿತ್ತಲಿಗೆ ಓಡ್ತಾಳೆ. ಈ ಚಳಿಗಾಲ ಪೂರಾ ಹುರುಳಿ ತಿಂದು ತಿಂದು ನಾನು ಕುದುರೆ ಆಗೀನಿ ನೋಡ್ರಿ!"

ಅವನೊಬ್ಬನೇ ನಕ್ಕ. ನಾನು ಪಾತ್ರೆ ಕೇಳಲಿಲ್ಲ. ಬಂದ ದಾರಿಯಲ್ಲೇ ಹಿತ್ತಲು ದಾಟಿ ಬಂದೆ. ಇಷ್ಟು ದಿನ ಧಾರಾಳಿ ಎಂದುಕೊಂಡು ಒಲೆ ಮುಂದೆ ಕೂತಿದ್ದೇನಲ್ಲ. ಕೊಡುತ್ತಿದ್ದವಳು ಅವಳು, ಕೈಚಾಚಿದವಳು ನಾನು. ಹಾಲಿಲ್ಲದ ಮನೆಯೆಂದು ಎಲ್ಲರಿಗೂ ಗೊತ್ತಿತ್ತೇನೋ. ರಸ್ತೆ ತಿರುವಿನವರೆಗೆ ಜೊತೆಗೆ ನಡೆದ ಹೆಂಗಸರಿಗೆಲ್ಲ ಗೊತ್ತಿತ್ತೇನೋ.

ಅವಳು ಹಿಂದೆಯೇ ಬಂದು ಸಂದಿನಲ್ಲಿ ನಿಂತಳು. ಒಳಗೆ ಬರಲಿಲ್ಲ. ಕೈಯಲ್ಲಿ ದಪ್ಪ ತಳದ ಪಾತ್ರೆಯಿತ್ತು. ಯಾಕೆ ಬಂದೆನೆಂದು ಅವಳಿಗೆ ತಾನಾಗಿಯೇ ಹೊಳೆದಿತ್ತು.

"ನನ್ನ ಮೇಲೆ ಕನಿಕರ ಪಡೋಕೆ ಬರ್ತಿದ್ರಾ?" ಎಂದೆ. ದನಿ ಏರಿತ್ತು.

"ಕನಿಕರ ಅಲ್ರಿ ಅಕ್ಕೋರೆ." ಅವಳ ಕಣ್ಣಲ್ಲಿ ನೀರಿತ್ತು. "ಸಂಜೆ ಆದ್ರೆ ಆ ಮನೇಲಿ ಕೂರೋಕೆ ಆಗಲ್ರಿ ನಂಗೆ. ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಈಕಡೆ ನೋಡಿದ್ರೆ ನೀವೂ ಒಬ್ರೇ ಒಲೆ ಮುಂದೆ ಕೂತಿರ್ತಿದ್ರಿ. ಒಂದಿನ ಮುಂದ್ಲ ಬಾಗಿಲಿಗೆ ಬಂದಿದ್ದೆ. ನೀವು ಚೀಲ ಹಾಕ್ಕೊಂಡು ಹೊರಗೆ ಬಂದ್ರಿ. ನಾನು ಮನೆಗೆ ಹೋದ ಮೇಲೆ ನೀವು ಮೂಲೆ ತಿರುಗಿ ವಾಪಸ್ ಹೋಗಿದ್ದು ನಮ್ಮ ಮಾಳಿಗೆಯಿಂದ ಕಾಣಿಸ್ತು. ಬರಿಗೈಲಿ ಬಂದ್ರೆ ನಿಮಗೆ ಚಾ ಮಾಡ್ಬೇಕಾಗ್ತೈತೆ ಅಂತ ಆಗ ಗೊತ್ತಾತು. ಅದಕ್ಕ ಪಾತ್ರೆ ಹಿಡ್ಕೊಂಡು ಬಂದೆ."

ಪಾತ್ರೆಯನ್ನು ಗೋಡೆಯ ಮೇಲಿಟ್ಟು ಹೋದಳು. ನಾನು ಕರೆಯಲಿಲ್ಲ. ಒಂದು ಮಾತು ಆಡಬೇಕಿತ್ತು. ಆದರೆ ಅಣ್ಣ ಬರುವ ಹೊತ್ತಾಗುತ್ತಿತ್ತು. ಅವಳ ಪಾತ್ರೆಯಲ್ಲೇ ಪಾಯಸ ಮಾಡಿದೆ.

ಅಣ್ಣ, ಅತ್ತಿಗೆ ಬಂದರು. ಅಣ್ಣ ಎರಡು ಸಲ ಪಾಯಸ ಹಾಕಿಸಿಕೊಂಡ. ಹಿತ್ತಲಿಗೆ ಹೋಗಿ ಹೊಟ್ಟಿನ ಒಲೆಯನ್ನು ಬಗ್ಗಿ ನೋಡಿದ, ಕೋಲು ಬಾಟಲಿಗಳ ಲೆಕ್ಕಾಚಾರ ಕೇಳಿದ. ಗೂಡಿನಲ್ಲಿ ಸಾಲಾಗಿ ಮಡಿಸಿಟ್ಟ ನನ್ನ ಸೀರೆಗಳನ್ನು ಅತ್ತಿಗೆ ನೋಡಿದಳು. ಬಾಡಿಗೆ ಬಾಕಿ ಇದೆಯೇ ಎಂದು ಅಣ್ಣ ಮುಂದಿನ ಮನೆಗೆ ಹೋಗಿ ವಿಚಾರಿಸಿಯೂ ಬಂದನೆಂದು ಕಾಣುತ್ತದೆ. ಬರುವಾಗ ಮುಖ ಮೆತ್ತಗಾಗಿತ್ತು.

"ನಡೆಸ್ಕೊಂಡು ಹೋಗ್ತೀಯ ಬಿಡವ್ವಾ. ಇರು ಇಲ್ಲೇ. ನಾನು ಇನ್ನ ಕೇಳಲ್ಲ," ಎಂದ. ಅವನ ದನಿಯಲ್ಲಿ ಹೆಮ್ಮೆಯಿತ್ತು. ಸ್ವಲ್ಪ ಬೇಜಾರೂ ಇತ್ತು.

ಅತ್ತಿಗೆ ಕುಂಕುಮ ಹಚ್ಚಿಸಿಕೊಳ್ಳುತ್ತ, "ಒಬ್ರೇ ಇರೋದು ಈಗ ರೂಢಿ ಆಗೈತೆ ನಿಮಗೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಹೂಂ ಎಂದೆ.

ಗೆದ್ದಿದ್ದೆ. ಮನೆ ನನ್ನದೇ ಉಳಿಯಿತು. ಆ ಸಂಜೆ ಒಲೆ ತುಂಬಿ ಹೊತ್ತಿಸಿ ಕೂತೆ. ಈ ಸುದ್ದಿ ಹೇಳಬೇಕಾದವಳು ಗೋಡೆಯ ಆಚೆಗಿದ್ದಳು. ಅವಳು ಬರಲಿಲ್ಲ. ಬರುವುದಾದರೂ ಹೇಗೆ? ಹುರುಳಿ ಹಿಡಿದು ಬಂದರೆ ಇಬ್ಬರಿಗೂ ನಗು ಬರಬೇಕು, ಇಲ್ಲವೇ ನಾಚಿಕೆಯಾಗಬೇಕು. ಬರಿಗೈಯಲ್ಲಿ ಬರಲು ನಾನು ಕರೆದಿರಲಿಲ್ಲ. ಪಾತ್ರೆಯನ್ನು ತೊಳೆದು, ಎರಡು ಸೌಟು ಪಾಯಸ ಹಾಕಿ, ಗೋಡೆಯ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಅದು ಅಲ್ಲಿರಲಿಲ್ಲ. ಬಟ್ಟೆ ಒಣಹಾಕುವಾಗ ಅವಳು ನಕ್ಕಳು, ನಾನೂ ನಕ್ಕೆ. ಮೊದಲಿನ ಹಾಗೆ ಅಷ್ಟೇ.

ಆ ವಾರವೆಲ್ಲ ಒಲೆಯೊಂದೇ ಸುಮ್ಮನೆ ಉರಿಯಿತು. ಬೇಸಗೆ ಬೇರೆ ಬಂದಿತ್ತು. ಮುಂದೆ ಕೂರಲೂ ಆಗದು, ಒಳಗೆ ಕೂತರೂ ತಡೆಯದು. ನಾನು ಕೂಡಿಸಿದ್ದನ್ನೆಲ್ಲ ಮನಸ್ಸಿನಲ್ಲಿ ಎಣಿಸಿ ನೋಡಿದೆ. ನುಚ್ಚು, ಸೋಪಿನ ಚೂರು, ರೈಲಿನ ಪಾಸು, ಎಲ್ಲ ಸರಿಯಾಗಿಯೇ ಇತ್ತು. ಆದರೆ ಇಷ್ಟು ತಿಂಗಳಲ್ಲಿ ನಾನು ಬಳಸದೆ, ದೂರವಿಟ್ಟು, ಅತಿ ಹೆಚ್ಚು ಉಳಿಸಿದ್ದು ಮನುಷ್ಯರನ್ನು. ಅದನ್ನು ತಿಳಿದಾಗ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಹಾಲಿನವಳನ್ನು ಕರೆದು ದಿನಾ ಕಾಲು ಲೀಟರು ಹಾಕಲು ಹೇಳಿದೆ. ಒಳ್ಳೆಯ ಚಹಾಪುಡಿ ತಂದೆ. ಅಮ್ಮನ ಕಾಲದ ಹೂವಿನ ಚಿತ್ರದ ಕಪ್-ಬಸಿಗಳನ್ನು ಕೆಳಗಿಳಿಸಿ ತೊಳೆದೆ. ಆಮೇಲೆ ಗೋಡೆಯ ಸಂದಿನಿಂದಲ್ಲ, ಬೀದಿ ಸುತ್ತಿಕೊಂಡು ಅವರ ಮುಂದಿನ ಬಾಗಿಲಿಗೆ ಹೋಗಿ ಕರೆದೆ.

"ಸಂಜೆ ಚಾಕ್ಕೆ ಬರ್ಬೇಕು ನೀವು. ಬರ್ಲೇಬೇಕು."

"ಯಾಕ್ರಿ ಸುಮ್ನೆ ತ್ರಾಸು..." ಎಂದಳು. ಆದರೆ ಮುಖ ಅರಳಿತು.

ಬಂದಳು. ಮುಂದಿನ ಗೇಟಿನಿಂದ ಬಂದಳು. ಹಸಿರು ಸೀರೆ ಉಟ್ಟು, ತಲೆ ಬಾಚಿ, ಮಲ್ಲಿಗೆ ಮುಡಿದು ಬಂದಳು. "ಕೂಡ್ರಿ, ಕೂಡ್ರಿ" ಎಂದೆ. ಕುರ್ಚಿಯ ತುದಿಯಲ್ಲಿ ಕೂತಳು. ಚಳಿಗಾಲವಿಡೀ ಹೊಟ್ಟಿನ ಚೀಲಕ್ಕೆ ಒರಗಿ ಕಾಲು ಚಾಚಿಕೊಂಡಿದ್ದ ಹೆಂಗಸು ಮೊಣಕಾಲು ಜೋಡಿಸಿಕೊಂಡು ಕೂತಳು. ನಾನು ಚಹಾದ ಜೊತೆ ತಟ್ಟೆಯಲ್ಲಿ ಚಕ್ಕುಲಿ ಇಟ್ಟೆ. ಅವಳು ಒಂದನ್ನು ಮುರಿದು ಅರ್ಧ ತಿಂದಳು. ಚಹಾ ಚೆನ್ನಾಗಿದೆ ಎಂದಳು. ಅಣ್ಣ ಒಪ್ಪಿದ ವಿಷಯ ಹೇಳಿದೆ. ಅವಳಿಗೆ ನಿಜವಾಗಿಯೂ ಸಂತೋಷವಾಯಿತು. "ನಾನು ಹೇಳಿದ್ದೆ ಅಲ್ರಿ" ಎಂದಳು. ಆಮೇಲೆ ಬಿಸಿಲಿನ ಮಾತು ಬಂತು, ನಲ್ಲಿ ನೀರಿನ ಮಾತು ಬಂತು. ಅವಳು ತವರಿನ ಒಂದು ಸುದ್ದಿ ಶುರುಮಾಡಿ, ಏನೋ ನೆನಪಾದ ಹಾಗೆ ಅರ್ಧಕ್ಕೇ ನಿಲ್ಲಿಸಿ ಕಪ್ಪಿನ ತಳ ನೋಡಿದಳು. ಕಪ್ಪು ಖಾಲಿಯಾಗಿತ್ತು.

ಚಹಾ ಮುಗಿದ ಮೇಲೆ ಬಂದವರು ಏಳಬೇಕು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಕುಂಕುಮ ಕೊಟ್ಟೆ. ರವಿಕೆ ಕಣ, ಎಲೆ ಅಡಿಕೆ ಕೊಟ್ಟೆ. ಅವಳು ಸೆರಗೊಡ್ಡಿ ತೆಗೆದುಕೊಂಡು, "ಬರ್ತೀನ್ರಿ ಅಕ್ಕೋರೆ. ನೀವೂ ಒಂದಿನ ಬರ್ರಿ ನಮ್ಮನೆಗೆ" ಎಂದಳು. ನೆಂಟರು ಹೇಳುವ ಹಾಗೆಯೇ ಹೇಳಿದಳು. ಅವಳು ಬಂದು ಕಾಲು ತಾಸೂ ಆಗಿರಲಿಲ್ಲ. ಇನ್ನೊಂದಿಷ್ಟು ಕೂಡ್ರಿ ಎನ್ನಲು ಬಾಯಿ ತೆರೆದೆ. ಕೂಡಲು ಒಂದು ಕಾರಣ ಬೇಕಲ್ಲ. ಒಲೆಯ ಮೇಲೆ ಬೇಯದೆ ಉಳಿದ ಕಾಳು ಒಂದೂ ಇರಲಿಲ್ಲ.